ಒಂದು ನೆಕ್ ಸಿ6ಗೆ, ಇನ್ನೊಂದು ಅತ್ತಿಗೆಗೆ

ಎರಡು ನೆಕ್ ಇರುವ ಸ್ಟೀಲ್ ಗಿಟಾರೇ ಬೇಕು ಅಂತ ಹಟ ಹಿಡಿದವನು ನಾನೇ. ಅಡ್ಡ ಮಲಗಿಸಿ, ತಂತಿ ಮೇಲೆ ಬಾರ್ ಅನ್ನೋ ಉಕ್ಕಿನ ಸರಳು ಜಾರಿಸಿ ನುಡಿಸೋ ಗಿಟಾರ್ ಇದು; ನೆಕ್ ಅಂದ್ರೆ ತಂತಿ ಹಾಯುವ ಪಟ್ಟಿ. ಸಾಗರದ ಒಬ್ಬ ಬಡಗಿ ಹತ್ತಿರ ಹಲಸಿನ ಹಲಗೆಯಲ್ಲಿ ಮಾಡಿಸಿದೆ. ವೀಣೆಗೆ ಆಗುವ ಮರ ಇದಕ್ಕೆ ಯಾಕಾಗಬಾರದು, ಅಲ್ವಾ? ಆಗತ್ತೆ. ಆದ್ರೆ ಎತ್ತೋಕೆ ಇಬ್ಬರು ಬೇಕು. ಒಂದೊಂದು ನೆಕ್‌ಗೆ ಎಂಟು ತಂತಿ, ಒಟ್ಟು ಹದಿನಾರು. ಕೆಲಸ ಮುಗಿಸಿ ಕೊಡುವಾಗ ಬಡಗಿ, "ಇದೇನ್ ಮಾರಾಯ್ರೆ, ಇಸ್ತ್ರಿ ಮೇಜಿದ್ದಂಗಿದೆ" ಅಂದಿದ್ದ.

ಮರದ ಕೆಲಸ ಮುಗಿಯಿತು, ತಲೆನೋವು ಶುರುವಾಯಿತು. ಹದಿನಾರು ತಂತಿಯನ್ನು ಯಾವ ಯಾವ ಸ್ವರಕ್ಕೆ ಕೂರಿಸೋದು? ಆಷಾಢದ ಒಂದು ಭಾನುವಾರ, ಹೊರಗೆ ಶಿವಮೊಗ್ಗದ ಜಡಿಮಳೆ, ಗಣಪತಿ ಹಬ್ಬದ ಕಾರ್ಯಕ್ರಮಕ್ಕೆ ಇನ್ನೂ ಟೈಮಿದೆ, ಇವತ್ತು ಇದನ್ನು ಮುಗಿಸಿಯೇ ಬಿಡೋಣ ಅಂತ ಕೂತೆ. ಜೊತೆಗೆ ಹಾರ್ಮೋನಿಯಂ ನುಡಿಸುವ ನಮ್ಮ ಭಟ್ರು. ಅವರು ಬಂದಿದ್ದು ಪತ್ರೊಡೆಗೆ, ಗಿಟಾರಿಗಲ್ಲ.

ನನಗೆ ಹತ್ತಿರದ, ಅಂದ್ರೆ ಮುಂದಿನ ನೆಕ್‌ಗೆ ಸಿ6 ಅನ್ನೋ ಶ್ರುತಿ, ಅದರಲ್ಲಿ ಅನುಮಾನ ಇರಲಿಲ್ಲ. ಸಿ, ಇ, ಜಿ, ಎ. ಸಿ ಅನ್ನು ಷಡ್ಜ ಅಂದುಕೊಂಡರೆ ಸ ಗ ಪ ದ. ಅಂದ್ರೆ ಮೋಹನ ರಾಗದ ಐದು ಸ್ವರದಲ್ಲಿ ನಾಲ್ಕು ಬಾರ್ ಇಡುವ ಮೊದಲೇ ತಂತಿಯ ಮೇಲೆ ಕೂತಿರುತ್ತವೆ. ಅದೇ ತಂತಿಗಳಲ್ಲಿ ಎ ಅನ್ನು ಷಡ್ಜ ಮಾಡಿಕೊಂಡರೆ ಶುದ್ಧ ಧನ್ಯಾಸಿಯ ನಾಲ್ಕು ಸ್ವರ. ಮೋಹನದ ರಿ, ಧನ್ಯಾಸಿಯ ಮ, ಎರಡರಲ್ಲೂ ತಪ್ಪಿಸಿಕೊಂಡಿರೋದು ಡಿ ಒಂದೇ. ಮೇಜರ್, ಮೈನರ್ ಎರಡೂ ಒಂದೇ ಮನೆಯಲ್ಲಿ (ಬಾರ್ ಇಡುವ ಜಾಗ) ಸಿಗುತ್ತವೆ, ಬಾರ್ ಕದಲಿಸೋದೇ ಬೇಡ. ಹಳೇ ಸಿನಿಮಾ ಹಾಡಿಗೆ ಇದಕ್ಕಿಂತ ಏನು ಬೇಕು?

ಎಡವಿದ್ದು ಎರಡನೇ, ಅಂದ್ರೆ ಹಿಂದಿನ ನೆಕ್‌ನಲ್ಲಿ. ಮೊದಲು ಎ6 ಅಂತ ಶ್ರುತಿ ಮಾಡಿದೆ. ಅರ್ಧ ಗಂಟೆ ನುಡಿಸಿದೆ, ಖುಷಿಯಾಗಿತ್ತು. ಭಟ್ರು ಎರಡೇ ಸಲ ಕೇಳಿ, "ಆ ಕಡೇದರಲ್ಲಿ ಮೂರು ಮನೆ ಮೇಲೆ ಇಟ್ಟರೆ ಈ ಕಡೇದೇ ಆಗ್ತದಲ್ಲೋ, ಒಂದೇ ಕೋಣೆಗೆ ಎರಡು ಬಾಗಿಲು ಯಾಕೆ?" ಅಂದರು. ನಿಜ. ಸಿ6 ಮೂರು ಸ್ವರಸ್ಥಾನ ಇಳಿದರೆ ಎ6. ತಂತಿಗಳ ಕ್ರಮವನ್ನೂ ನಾನು ಹಾಗೇ ಇಟ್ಟಿದ್ದೆ, ಹಾಗಾಗಿ ಎಂಟು ತಂತಿ ದಂಡ.

ಆಮೇಲೆ ಇ13 ಅನ್ನೋ ಶ್ರುತಿ. ಅಮೆರಿಕದವರು ಎರಡು ನೆಕ್ ಇದ್ದರೆ ಸಿ6 ಜೊತೆ ಇದನ್ನು ಇಟ್ಟುಕೊಳ್ಳೋದು ಹಳೆಯ ರೂಢಿ. ಪೆಡಲ್ ಇರುವ ವಾದ್ಯದಲ್ಲಾದ್ರೆ ಇ9 ಮತ್ತು ಸಿ6. ಅವರ ಸಂಗೀತಕ್ಕೆ ಅದು ಸರಿ, ಕಾರ್ಡುಗಳು ಜೇನಿನ ಹಾಗೆ ಇಳಿಯುತ್ತವೆ. ನಾನು ಭಾವಗೀತೆ ಶುರು ಮಾಡಿದರೆ ಮಾತ್ರ, ಪಕ್ಕದ ತಂತಿಗೆ ಬೆರಳು ಸ್ವಲ್ಪ ತಾಗಿದರೂ ಕರೆಯದೇ ಬಂದ ನೆಂಟರ ಹಾಗೆ ಒಂದು ನಿಷಾದವೋ ರಿಷಭವೋ ಬಂದು ಕೂರುತ್ತಿತ್ತು.

ಪತ್ರೊಡೆ ತಿಂದಾದ ಮೇಲೆ ನಮ್ಮ ಅತ್ತಿಗೆ ಬಂದರು. ನಾವು ನುಡಿಸೋದು ಅವರ ಹಾಡಿಗೆ ತಾನೇ. ಅವರದು ಹಾರ್ಮೋನಿಯಂ ಲೆಕ್ಕದಲ್ಲಿ ಐದು ಮನೆ ಶ್ರುತಿ, ಅಂದ್ರೆ ಜಿ. ಸರಿ, ಹಿಂದಿನ ನೆಕ್ಕನ್ನು ಜಿ ಮೇಜರ್‌ಗೇ ತರೋಣ ಅಂತ ಹೊರಟೆ. ಮೇಲಿನ ಇ ತಂತಿಯನ್ನೇ ಜಿವರೆಗೆ ಬಿಗಿ ಮಾಡುತ್ತಾ ಹೋದೆ. ಮೂರು ಸ್ವರಸ್ಥಾನ ಏರಿಸಿದರೆ ಎಳೆತ ಸುಮಾರು 40 ಪರ್ಸೆಂಟ್ ಜಾಸ್ತಿಯಾಗತ್ತೆ ಅಂತ ಗೊತ್ತಿದ್ದೂ ಸೋಮಾರಿತನ. ಮಳೆಗಾಲದ ತೇವಕ್ಕೆ ಮೊದಲೇ ತುಕ್ಕು ಹಿಡಿದಿತ್ತು. ಟಣ್ ಅಂತು, ತುಂಡು ಹಾರಿ ಭಟ್ರ ಎಲೆ ಅಡಿಕೆ ತಟ್ಟೆಗೆ ಬಿತ್ತು. ಇ ತಂತಿ 0.015 ಇಂಚು ದಪ್ಪದ್ದು, ಜಿಗೆ 0.012ರದ್ದು ಹಾಕಬೇಕು, ಅಷ್ಟೇ. ಆದ್ರೆ ನಮ್ಮೂರಲ್ಲಿ ಆರು ತಂತಿಯ ಸೆಟ್ ಬಿಟ್ಟರೆ ಬಿಡಿ ತಂತಿ ಸಿಗೋದು ಕಷ್ಟ. ಒಂದು ಸೆಟ್ ಒಡೆದು ಅದರ ಮೊದಲ ತಂತಿ ಹಾಕಿದೆ.

ಅತ್ತಿಗೆ ಶಿವರಂಜಿನಿ ರಾಗದಲ್ಲಿ ಒಂದು ಹಾಡು ಎತ್ತಿಕೊಂಡರು. ಅದರಲ್ಲಿ ಬರೋದು ಸಾಧಾರಣ ಗಾಂಧಾರ. ನನ್ನ ತಂತಿಯಲ್ಲಿ ಬಿಡಿಯಾಗಿ ಮೊಳಗುತ್ತಿದ್ದದ್ದು ಅದಕ್ಕಿಂತ ಒಂದು ಸ್ವರಸ್ಥಾನ ಮೇಲಿನ ಅಂತರ ಗಾಂಧಾರ. ಎರಡೂ ಒಟ್ಟಿಗೆ ಬಿದ್ದಾಗ ಅತ್ತಿಗೆ ಹಾಡು ನಿಲ್ಲಿಸಲಿಲ್ಲ, ಸುಮ್ನೆ ನನ್ನ ಕಡೆ ನೋಡಿದರು. ಆ ನೋಟ ಸಾಕಾಯಿತು. ಗಾಂಧಾರವನ್ನೇ ತೆಗೆದುಹಾಕಿ, ಎಂಟೂ ತಂತಿಯನ್ನು ಸ, ಪ ಎರಡಕ್ಕೇ ಕೂರಿಸಿದೆ.

ನನ್ನ ಹತ್ತಿರದ ಕಡೆಯಿಂದ ಐದು ತಂತಿ ಸ ಪ ಸ ಪ ಸ. ಆಚೆ ತುದಿಯ ಮೂರು, ವೀಣೆಯ ತಾಳದ ತಂತಿಯ ಹಾಗೆ, ಸ ಪ ಸ. ಬಾರಿನ ಮೂತಿಯನ್ನು ಐದನೇ ತಂತಿಗೆ ನಿಲ್ಲಿಸಿದರೆ ಆ ಮೂರು ಬಿಡಿಯಾಗಿಯೇ ಮಿಡಿಯುತ್ತವೆ. ಗಾಂಧಾರ ಯಾವುದು ಅಂತ ಈಗ ಬಾರ್ ಹೇಳತ್ತೆ, ತಂತಿ ಹೇಳಲ್ಲ. ಕಾರ್ಡ್ ಅಂತೂ ಒಂದೂ ಇಲ್ಲ. ಅದಕ್ಕೆ ಮುಂದಿನ ನೆಕ್ ಇದೆಯಲ್ಲ.

ಇನ್ನೊಂದು ಸಂಗತಿ ಸಂಜೆ ಗೊತ್ತಾಯಿತು. ಸ್ವಿಚ್ಚನ್ನು ಮಧ್ಯದಲ್ಲಿಟ್ಟು ಎರಡೂ ಪಿಕಪ್ (ತಂತಿಯ ನಾದ ಹಿಡಿಯುವ ಸಾಧನ) ಆನ್ ಮಾಡಿ ಮುಂದಿನ ನೆಕ್ ನುಡಿಸಿದರೆ, ಹಲಗೆ ಒಂದೇ ಆದ್ದರಿಂದ, ಜಿ, ಡಿ ಬಂದಾಗಲೆಲ್ಲ ಹಿಂದಿನ ತಂತಿಗಳು ತಾವೇ ಗುಂಯ್ ಅನ್ನುತ್ತವೆ. ಹಿಂದುಸ್ತಾನಿ ಗಿಟಾರಿನ ವಿಶ್ವಮೋಹನ ಭಟ್ಟರ ಮೋಹನ ವೀಣೆಯಲ್ಲಿ ಹೀಗೆ ತಾವೇ ಮಿಡಿಯೋಕೆ ತರಬ್ ತಂತಿ ಅಂತ ಬೇರೆಯೇ ಇರುತ್ತವೆ. ನನಗೆ ಪುಕ್ಕಟೆ ಸಿಕ್ಕಿತು. ಬೇಡವಾದಾಗ ಮೇಲೆ ಒಂದು ಟವೆಲ್ ಹಾಸುತ್ತೇನೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ಮೇಣದಬತ್ತಿ ಬೆಳಕಲ್ಲಿ ಹಿಂದಿನ ನೆಕ್‌ನ ಕೊನೆಯ ತಂತಿ ಸರಿ ಮಾಡಿ, ಬೆನ್ನು ನೆಟ್ಟಗೆ ಮಾಡಿ ಕೂತೆ. ಅಡುಗೆಮನೆಯಿಂದ ಅತ್ತಿಗೆ ಎರಡು ಸಲ ಸೀನಿದರು. "ಗಂಟಲು ಯಾಕೋ ಹಿಡ್ಕೊಂಡಿದೆ ಕಣೋ, ನಾಳೆ ಪ್ರಾಕ್ಟೀಸಿಗೆ ನಾಲ್ಕೂವರೆ ಮನೆಗೆ ಇಡು."

ಅಂದ್ರೆ ಎಲ್ಲ ಒಂದು ಸ್ವರಸ್ಥಾನ ಕೆಳಗೆ. ಎಂಟು ಬಿರಡೆ. ಭಟ್ರು ಹಾರ್ಮೋನಿಯಂ ಮುಚ್ಚಿ ಕೊಡೆ ಹುಡುಕತೊಡಗಿದರು.