ಕೆಸಿಡಿ, ಕೆಲಗೇರಿ, ಸಾಧನಕೇರಿ: ಧಾರವಾಡದಲ್ಲಿ ಬೆಳಗಿನ ಸೈಕಲ್ ಸುತ್ತು

ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದಿದೆ ಎಂದು ಡಾಕ್ಟರು ಹೇಳಿದ ವಾರವೇ ಅಳಿಯನ ಹಳೇ ಗೇರ್ ಸೈಕಲ್ ನಮ್ಮ ಮನೆಗೆ ಬಂತು. ಮೊದಲ ದಿನವೇ ತಪ್ಪು ಮಾಡಿದೆ. ರಸ್ತೆ ಅಗಲ ಇದೆಯಲ್ಲ ಎಂದು ಸೀದಾ ಹುಬ್ಬಳ್ಳಿ ರಸ್ತೆ ಹಿಡಿದೆ. ನಡುವಿನ ಹಾದಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿಗೆ ಮೀಸಲು. ಲಾರಿ, ಕಾರು, ಟಂಟಂ ಎಲ್ಲ ನಮ್ಮ ಪಾಲಿಗೆ. ಹುಬ್ಬಳ್ಳಿಗಿಂತ ಧಾರವಾಡ ಎತ್ತರದಲ್ಲಿದೆ ಎಂಬುದು ಬಸ್ಸಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ, ವಾಪಸ್ ಬರುವಾಗ ತೊಡೆಗೆ ಗೊತ್ತಾಗುತ್ತದೆ.

ಎರಡನೇ ಸಲ ಅಮ್ಮಿನಭಾವಿ ಕಡೆ ಹೋಗಿ, ಗಾಡಿಗಳ ಕಾಟ ಬೇಡವೆಂದು ಹೊಲದ ದಾರಿಗೆ ಇಳಿದೆ. ಹಿಂದಿನ ರಾತ್ರಿ ಮಳೆಯಾಗಿತ್ತು. ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಎರಿ (ಕಪ್ಪು) ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಗಚ್ಚಿನಂತೆ ಕೂತು ಚಕ್ರ ತಿರುಗುವುದೇ ನಿಂತಿತು. ಜಾಲಿ ಕಡ್ಡಿಯಿಂದ ಕೆದರುತ್ತ ಕೂತಿದ್ದಾಗ ಬದುವಿನ ಮೇಲಿದ್ದ ಅಜ್ಜ ಅಂದ: “ಹಸೀದಾಗ ಇಲ್ಲಿ ಎತ್ತೂ ಇಳಿಸಂಗಿಲ್ರೀ ಸಾಹೇಬ್ರ, ನೀವು ಸೈಕಲ್ ತಂದೀರಿ!” ಸೈಕಲ್ ಹೊತ್ತುಕೊಂಡೇ ಡಾಂಬರಿಗೆ ಬಂದೆ.

ಆಮೇಲೆ ಕೈಹಿಡಿದದ್ದು ಈ ಸುತ್ತು: ಕೆಸಿಡಿ (ಕರ್ನಾಟಕ ಕಾಲೇಜು) ಸರ್ಕಲ್, ಸಪ್ತಾಪುರ, ಕರ್ನಾಟಕ ವಿಶ್ವವಿದ್ಯಾಲಯ, ಕೆಲಗೇರಿ ಕೆರೆ, ಸಾಧನಕೇರಿ, ಮತ್ತೆ ಕೆಸಿಡಿ. ಕ್ಯಾಂಪಸ್ಸಿನೊಳಗೆ ಅಡ್ಡಾಡುವುದೂ ಸೇರಿ ನನ್ನ ಮೊಬೈಲು 10–11 ಕಿ.ಮೀ. ತೋರಿಸುತ್ತದೆ. ನಿಧಾನವಾಗಿ ತುಳಿದರೂ ಒಂದು ತಾಸು ಸಾಕು.

ಈ ಸುತ್ತಿನ ಸಾರವೆಲ್ಲ ವಿಶ್ವವಿದ್ಯಾಲಯದ ಗುಡ್ಡದಲ್ಲಿದೆ. ಛೋಟಾ ಮಹಾಬಳೇಶ್ವರ ಎಂದು ಹಳಬರು ಕರೆಯುವ ಜಾಗ. ಗಿಡಗಳ ನೆರಳಿದೆ, ಏರು ಇದೆ, ವಾಕಿಂಗಿನವರನ್ನು ಬಿಟ್ಟರೆ ಅಡ್ಡ ಬರುವವರು ಕಡಿಮೆ. ಗೇಟಿನ ಕಾವಲುಗಾರರನ್ನು ಒಂದು ಮಾತು ಕೇಳಿಯೇ ಒಳಗೆ ಹೋಗಿ. ಏರು ಶುರುವಾಗುವ ಮುಂಚೆಯೇ ಗೇರ್ ಇಳಿಸಿ. ನಡು ಏರಿನಲ್ಲಿ ಒತ್ತಿ ಇಳಿಸಿದರೆ ಚೈನು ಕಳಚುತ್ತದೆ. ಪಕ್ಕದವರ ಜೊತೆ ಮಾತಾಡುತ್ತ ತುಳಿಯಲು ಆಗುತ್ತಿದ್ದರೆ ವೇಗ ಸರಿ ಇದೆ. ಮಾತು ಅರ್ಧಕ್ಕೇ ನಿಲ್ಲುತ್ತಿದ್ದರೆ, ಮೊದಲ ತಿಂಗಳ ಮಟ್ಟಿಗೆ ಅದು ಜಾಸ್ತಿಯಾಯಿತು.

ಕೆಲಗೇರಿ ಕಡೆ ಸ್ವಲ್ಪ ದೂರ ಗೋವಾ ರಸ್ತೆಯ ಸಂಗ ತಪ್ಪುವುದಿಲ್ಲ. ಅಲ್ಲಿ ಲಾರಿಗಳಿವೆ, ಎಡ ಅಂಚು ಬಿಡಬೇಡಿ. ಕೆರೆ ದಂಡೆಯಲ್ಲಿ ಐದು ನಿಮಿಷ ನಿಂತು ನೀರು ಕುಡಿದು, ಬೆಳ್ಳಕ್ಕಿ ನೋಡಿ ಹೊರಡುವುದು ನನ್ನ ರೂಢಿ. ಸಾಧನಕೇರಿಯಲ್ಲಿ ಬೇಂದ್ರೆ ಭವನದ ಆಸುಪಾಸು ಓಣಿಗಳು ಸಣ್ಣವು, ನಾಯಿಗಳು ದೊಡ್ಡವು. ಬೆನ್ನು ಹತ್ತಿದರೆ ಜೋರಾಗಿ ತುಳಿಯಬೇಡಿ. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಡೆಯಿರಿ.

ರಸ್ತೆ ಆರಿಸಲು ನಕ್ಷೆಗಿಂತ ಗಡಿಯಾರ ಹೆಚ್ಚು ನೆರವಾಯಿತು. ಆರಕ್ಕೆ ಖಾಲಿ ಇದ್ದ ಸಪ್ತಾಪುರ ಏಳೂವರೆಗೆ ಕೋಚಿಂಗ್ ಹುಡುಗರು, ಸ್ಕೂಲ್ ವ್ಯಾನುಗಳಿಂದ ಗಿಜಿಗುಡುತ್ತದೆ. ಮಾಗಿಯಲ್ಲಿ ಬೆಳಕು ಹರಿಯಲು ಏಳಾಗುವುದರಿಂದ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಬೇಕೇ ಬೇಕು. ಹೊಸ ದಾರಿಯನ್ನು ಮೊದಲ ಸಲ ಭಾನುವಾರ ಎರಡೂ ದಿಕ್ಕಿಗೆ ಸುತ್ತಿ ನೋಡಿ, ಬಲಕ್ಕೆ ತಿರುಗುವುದು ಯಾವ ಕಡೆಯಿಂದ ಕಡಿಮೆಯೋ ಅದನ್ನೇ ಇಟ್ಟುಕೊಳ್ಳಿ. ಎದುರು ಬರುವ ಗಾಡಿಗಳನ್ನು ದಾಟಬೇಕಾದ ತಿರುವುಗಳಲ್ಲೇ ಎದೆ ಹೆಚ್ಚು ಬಡಿದುಕೊಳ್ಳುವುದು.

ಆ ಹೊತ್ತಿಗೆ ಪಂಕ್ಚರ್ ಅಂಗಡಿ ತೆರೆದಿರುವುದಿಲ್ಲ. ಒಂದು ಟ್ಯೂಬು, ಸಣ್ಣ ಪಂಪು ಚೀಲದಲ್ಲಿರಲಿ. ಗಾಳಿ ಎಷ್ಟು ಹಾಕಬೇಕೆಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಸೀಟು ತಗ್ಗಿಸಿಕೊಂಡು ತುಳಿದು ನಾನು ಹದಿನೈದು ದಿನ ಮಂಡಿನೋವು ತಿಂದೆ. ಪೆಡಲ್ ತೀರ ಕೆಳಗಿದ್ದಾಗ ಹಿಮ್ಮಡಿ ಊರಿದರೆ ಕಾಲು ನೆಟ್ಟಗಾಗಬೇಕು, ಅಷ್ಟು ಎತ್ತರ ಇಡಿ.

ವಾರಕ್ಕೆ ಮೂರು ದಿನದಿಂದ ಶುರು ಮಾಡಿ. ಲೈನ್ ಬಜಾರದ ಫೇಡೆ ಅಂಗಡಿಗಳು ಬಾಗಿಲು ತೆಗೆಯುವುದರೊಳಗೆ ಮನೆ ಸೇರಿಕೊಳ್ಳಿ. ನಾನು ಎರಡು ಸಲ ತಡ ಮಾಡಿದ್ದೇನೆ.