ಸಿಜೆ4 ಪೆಡಲ್ ಪ್ರಾಜೆಕ್ಟ್: ಎಡಗಾಲಿನ ಬ್ರೇಕ್ ಕೊನೆಗೂ ಹಿಡಿಯಿತು

ಸಿಕ್ಕಿಬಿದ್ದ! ಕಂಪ್ಯೂಟರ್ ಫ್ಲೈಟ್ ಸಿಮ್ಯುಲೇಟರ್‌ಗೆ ಅಂತ ನಾನೇ ಮಾಡಿದ ಬ್ರೇಕ್ ಪೆಡಲ್‌ಗಳಲ್ಲಿ ಇಷ್ಟು ದಿನ ಸತಾಯಿಸಿದ ಕಳ್ಳ ಎಡಗಡೆ ಪೆಡಲ್‌ನ ಲೋಡ್ ಸೆಲ್ (ಒತ್ತಿದ ಬಲ ಅಳೆಯುವ ಸೆನ್ಸರ್) ಬೋರ್ಡ್‌ನಲ್ಲಿ, ಚಿಪ್‌ನ ಹದಿನೈದನೇ ಲೋಹದ ಕಾಲಿನಲ್ಲಿ ಕೂತಿದ್ದ. ಸಿಮ್ಯುಲೇಟರ್‌ನಲ್ಲಿ ನಾನು ಓಡಿಸುವ ಸಿಜೆ4, ಅಂದರೆ ಸೆಸ್ನಾದ ಸಣ್ಣ ಬಿಸಿನೆಸ್ ಜೆಟ್, ಈಗ ಮೈಸೂರಿನ ಮಂಡಕಳ್ಳಿ ರನ್‌ವೇ ಮೇಲೆ ನೆಟ್ಟಗೆ ಓಡಿ, ನಡುಗೆರೆ ಬಿಡದೆ, ಇಟ್ಟುಕೊಂಡ ಗುರಿಯೊಳಗೇ ನಿಲ್ಲುತ್ತಿದೆ. ಖುಷಿಗೆ ನಿದ್ದೆ ಬಂದಿಲ್ಲ, ಅದಕ್ಕೇ ಈಗಲೇ ಕೂತು ಬರೆಯುತ್ತಿದ್ದೇನೆ.

ಪೆಡಲ್ ಫ್ರೇಮ್, ಬೇರಿಂಗ್, ಪೇಂಟ್ ಬಗ್ಗೆ ಇಲ್ಲಿ ಜಾಸ್ತಿ ಹೇಳುವುದಿಲ್ಲ, ಅದೆಲ್ಲ ನಿಮಗೆ ಗೊತ್ತಿರುವುದೇ. ಒಂದು ಮಾತು ಮಾತ್ರ. ಪೀಣ್ಯದಲ್ಲಿ ಲೇಸರ್ ಕಟಿಂಗ್‌ಗೆ ಡ್ರಾಯಿಂಗ್ ಕೊಟ್ಟಾಗ ಪಿನ್ ಹೋಗುವ ತೂತು 8 ಮಿಲಿಮೀಟರ್ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಬಂದದ್ದು 6. ಫೋನ್ ಮಾಡಿದರೆ "ಎರಡು ಎಂಎಂ ತಾನೇ ಸಾರ್, ಮನೇಲೇ ಡ್ರಿಲ್ ಹಾಕ್ಕೊಳ್ಳಿ" ಅನ್ನುತ್ತಾರೆ. 5 ಮಿಲಿಮೀಟರ್ ದಪ್ಪದ ಉಕ್ಕಿನ ಪ್ಲೇಟ್‌ಗೆ ಹ್ಯಾಂಡ್ ಡ್ರಿಲ್‌ನಲ್ಲಿ ನೇರ ತೂತು ಕೊರೆದು ನೋಡಿ, ಆಗ ಗೊತ್ತಾಗುತ್ತದೆ ಎರಡು ಎಂಎಂ ಅಂದರೆ ಎಷ್ಟು ಅಂತ. ದುಡ್ಡು ಮುಂಗಡ ತಗೊಂಡು ಹೀಗೆ ಮಾಡಿದರೆ ಸಿಟ್ಟು ಬರುವುದಿಲ್ವಾ?

ಇರಲಿ, ವಿಷಯಕ್ಕೆ ಬರೋಣ. ಸಣ್ಣ ಬಿಸಿನೆಸ್ ಜೆಟ್‌ಗಳಲ್ಲಿ ನಾನು ಸಿಜೆ4 ಹಿಡಿದದ್ದಕ್ಕೆ ಕಾರಣ ಇದೆ. ಅದರಲ್ಲಿ ಥ್ರಸ್ಟ್ ರಿವರ್ಸರ್ (ಎಂಜಿನ್‌ನ ಬಲವನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಸಾಧನ) ಇಲ್ಲ. ನೆಲ ಮುಟ್ಟಿದ ಮೇಲೆ ವಿಮಾನ ನಿಲ್ಲಿಸಲು ಇರುವುದು ರೆಕ್ಕೆ ಮೇಲೆ ಎದ್ದು ನಿಲ್ಲುವ ಸ್ಪಾಯ್ಲರ್, ರೆಕ್ಕೆಯ ಹಿಂದೆ ಇಳಿಯುವ 35 ಡಿಗ್ರಿ ಫ್ಲ್ಯಾಪ್, ಆಮೇಲೆ ನಿಮ್ಮ ಎರಡು ಪಾದ: ಎಡ ಪೆಡಲ್ ಎಡ ಚಕ್ರದ ಬ್ರೇಕ್‌ಗೆ, ಬಲದ್ದು ಬಲ ಚಕ್ರದ್ದಕ್ಕೆ. ಹಾಗಾಗಿ ಚಿಕ್ಕ ರನ್‌ವೇಯಲ್ಲಿ ಇದನ್ನು ಇಳಿಸುವ ಆಟದಲ್ಲಿ ಪೆಡಲ್ಲೇ ಎಲ್ಲ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಪೆಡಲ್ ಕಾಲು ಎಷ್ಟು ದೂರ ಹೋಯಿತು ಅಂತ ಮಾತ್ರ ಅಳೆಯುತ್ತದೆ. ನಿಜವಾದ ಬ್ರೇಕ್ ಹಿಡಿಯುವುದು ಎಷ್ಟು ಬಲ ಹಾಕಿದಿರಿ ಅನ್ನುವುದರ ಮೇಲೆ. ಅದಕ್ಕೇ ಲೋಡ್ ಸೆಲ್: ಒಂದೊಂದು ಕಾಲಿಗೆ 40 ಕೆಜಿಯದು ಒಂದೊಂದು, ಅದರ ಸಿಗ್ನಲ್ ಓದಲು ಎಚ್‌ಎಕ್ಸ್711 ಚಿಪ್ ಇರುವ ಬೋರ್ಡ್, ಎರಡರ ಅಂಕಿಯನ್ನೂ ಕಂಪ್ಯೂಟರ್‌ಗೆ ಕಳಿಸಲು ಒಂದು ಪ್ರೋ ಮೈಕ್ರೋ (ಪುಟ್ಟ ಮೈಕ್ರೋಕಂಟ್ರೋಲರ್). ಒತ್ತಿದಾಗ ಎದುರು ಒತ್ತಲು ಬೈಕ್‌ನ ಫುಟ್‌ರೆಸ್ಟ್ ರಬ್ಬರ್ ಹಾಕಿದ್ದೇನೆ. ಅದು ಮಾತ್ರ ಅದ್ಭುತವಾಗಿ ಕೂತಿದೆ, ಕಾಲಿಗೆ ಸಿಗುವ ಬಿಗಿ ಬಹಳ ಹಿಡಿಸಿತು.

ಗುರಿ ಹೀಗಿತ್ತು. ಮಂಡಕಳ್ಳಿ ರನ್‌ವೇ 1,740 ಮೀಟರ್. ದಿನಾ ಎಟಿಆರ್ ಪ್ರೊಪೆಲರ್ ವಿಮಾನ ಇಳಿಯುವ ಜಾಗ, ಸಣ್ಣ ಜೆಟ್‌ಗೆ ಇದೇನು ಚಿಕ್ಕದು ಅನ್ನಬಹುದು. ಆದರೆ ಅಮೆರಿಕದ ಚಾರ್ಟರ್ ನಿಯಮದಲ್ಲಿ, ಜೆಟ್ಟು ರನ್‌ವೇಯ 60% ಒಳಗೇ ನಿಲ್ಲುತ್ತದೆ ಅಂತ ಹೊರಡುವ ಮುಂಚೆಯೇ ಲೆಕ್ಕದಲ್ಲಿ ತೋರಿಸಬೇಕು. ಮಂಡಕಳ್ಳಿಯಲ್ಲಿ ಅದು 1,044 ಮೀಟರ್. ಸಿಜೆ4ನ ಬ್ರೋಷರ್‌ನಲ್ಲಿರುವ ಲ್ಯಾಂಡಿಂಗ್ ದೂರ 2,940 ಅಡಿ, ಅಂದರೆ 896 ಮೀಟರ್. ಅದು ಸಮುದ್ರಮಟ್ಟದ ಲೆಕ್ಕ, ತಂಪು ಹೊತ್ತಿನ ಲೆಕ್ಕ. ಮೈಸೂರು 2,300 ಅಡಿಗಿಂತ ಎತ್ತರದಲ್ಲಿದೆ. 30 ಡಿಗ್ರಿ ಬಿಸಿಲಲ್ಲಿ ಅಲ್ಲಿನ ಗಾಳಿ 4,700 ಅಡಿಯಲ್ಲಿರುವಷ್ಟು ತೆಳು. ವೇಗದ ಮೀಟರ್‌ನಲ್ಲಿ ಇಳಿಯುವ ವೇಗ 108 ನಾಟ್ ಕಂಡರೆ ನಿಜವಾದ ವೇಗ 116ರ ಹತ್ತಿರ. ವೇಗ 7% ಜಾಸ್ತಿ ಆದರೆ ಬ್ರೇಕ್ ಕರಗಿಸಬೇಕಾದ ಶಕ್ತಿ 15% ಜಾಸ್ತಿ. ಎಲ್ಲ ಸೇರಿಸಿದರೆ ನನ್ನ ಲೆಕ್ಕಕ್ಕೆ 1,000 ಮೀಟರ್ ಆಸುಪಾಸು ಬಂತು. ಅಂದರೆ ಕಾಲು ಸರಿಯಾಗಿ ಕೆಲಸ ಮಾಡಿದರೆ ಮಾತ್ರ ಗುರಿಯೊಳಗೆ. ರನ್‌ವೇ ಒದ್ದೆ ಇದ್ದರೆ ಇನ್ನೂ 15% ಸೇರಿಸಬೇಕು, ಆಗ ಲೆಕ್ಕವೇ ಕೂಡುವುದಿಲ್ಲ.

ಇಂಥ ಜೆಟ್ ಓಡಿಸುವ ಪೈಲಟ್‌ಗಳು ಚಿಕ್ಕ ರನ್‌ವೇ ಬಗ್ಗೆ ಮಾತಿಗೆ ಕೂತರೆ ಸುತ್ತಿ ಸುತ್ತಿ ಬರುವುದು ಒಂದೇ ಕಡೆಗೆ: ರನ್‌ವೇ ಅಂಚಿನ ಮೇಲೆ 50 ಅಡಿ ಎತ್ತರದಲ್ಲಿ ಎಷ್ಟು ವೇಗ ಇತ್ತು? ಅಲ್ಲಿಗೆ ಅಂತ ಲೆಕ್ಕ ಹಾಕಿ ಇಟ್ಟ ವೇಗಕ್ಕೆ ವಿರೆಫ್ ಅನ್ನುತ್ತಾರೆ, ವಿರೆಫ್ ಅಂದರೆ ವಿರೆಫ್. ಹೆಂಡತಿಗೆ ಐದು ನಾಟ್, ಮಕ್ಕಳಿಗೆ ಐದು ನಾಟ್ ಅಂತ ಸೇರಿಸಿಕೊಂಡು ಬರುವವರನ್ನು ಅವರು ಚೆನ್ನಾಗಿ ಬೈಯುತ್ತಾರೆ, ಬೈಯುವುದು ನ್ಯಾಯವೂ ಹೌದು. 108ರ ಬದಲು 118ರಲ್ಲಿ ಬಂದರೆ ಕರಗಿಸಬೇಕಾದ ಶಕ್ತಿ ಸುಮಾರು 20% ಜಾಸ್ತಿ. ಅದಕ್ಕಿಂತ ದೊಡ್ಡ ನಷ್ಟ, ಆ ಹೆಚ್ಚಿನ ವೇಗದಲ್ಲಿ ವಿಮಾನ ಇಳಿಯಲು ಒಪ್ಪದೆ ನೆಲದ ಮೇಲೆ ತೇಲುತ್ತಾ ಹೋಗುವುದು. 3 ಡಿಗ್ರಿ ಇಳಿಜಾರಿನಲ್ಲಿ 50 ಅಡಿಯಿಂದ ನೆಲ ಮುಟ್ಟುವಷ್ಟರಲ್ಲೇ 290 ಮೀಟರ್ ಹೋಗಿರುತ್ತದೆ. ಅದರ ಮೇಲೆ ಮೆತ್ತಗೆ ಮುಟ್ಟಿಸೋಣ ಅಂತ ಎರಡು ಸೆಕೆಂಡ್ ಹಿಡಿದುಕೊಂಡರೆ ಇನ್ನೂ 120 ಮೀಟರ್ ಕೈಬಿಟ್ಟ ಹಾಗೆ. ಚಿಕ್ಕ ರನ್‌ವೇಯಲ್ಲಿ ಧಡ್ ಅಂತ ಇಳಿದರೇ ಒಳ್ಳೆಯ ಲ್ಯಾಂಡಿಂಗ್.

ಇದು ದೊಡ್ಡ ವಿಮಾನಕ್ಕೂ ಅಷ್ಟೇ. 2010ರ ಮೇ 22ರಂದು ಮಂಗಳೂರಿನಲ್ಲಿ ಆದ ದುರಂತ ನಮ್ಮಲ್ಲಿ ಯಾರಿಗೂ ಮರೆತಿಲ್ಲ, 158 ಜನ ಹೋದರು. ಆ 737 ನೆಲ ಮುಟ್ಟಿದ್ದು ರನ್‌ವೇ ಶುರುವಿನಿಂದ ಸುಮಾರು 5,200 ಅಡಿ ದಾಟಿದ ಮೇಲೆ. ಮುಂದೆ ಉಳಿದದ್ದು 2,800 ಅಡಿ ಮಾತ್ರ, ಅದರಾಚೆ ಕಣಿವೆ. ನೆಲ ಎಲ್ಲಿ ಮುಟ್ಟಿದಿರಿ ಅನ್ನುವ ಪ್ರಶ್ನೆಯನ್ನು ಪೈಲಟ್‌ಗಳು ಯಾಕೆ ಅಷ್ಟು ಒತ್ತಿ ಕೇಳುತ್ತಾರೆ ಅಂತ ಆ ತನಿಖಾ ವರದಿ ಓದಿದವರಿಗೆ ಗೊತ್ತು.

ಈಗ ನನ್ನ ಕಾಟಕ್ಕೆ ಬರುತ್ತೇನೆ. ವಿರೆಫ್ ಸರಿ ಇತ್ತು, ಮುಟ್ಟುವ ಜಾಗ ಸರಿ ಇತ್ತು, ಸ್ಪಾಯ್ಲರ್ ಏಳುತ್ತಿತ್ತು. ಎರಡೂ ಬ್ರೇಕ್ ಒಟ್ಟಿಗೆ ಒತ್ತಿದ ತಕ್ಷಣ ಮೂತಿ ಬಲಕ್ಕೆ ಸರ್ರನೆ ಎಳೆಯುತ್ತಿತ್ತು. ನೇರ ಮಾಡಲು ಬಲಗಾಲು ಸಡಿಲಿಸಬೇಕು. ಸಡಿಲಿಸುವಷ್ಟರಲ್ಲಿ ಎಡ ಬ್ರೇಕ್ ಹಿಡಿದು ಮೂತಿ ಎಡಕ್ಕೆ. ಮತ್ತೆ ಎಡ ಬಿಡು, ಬಲ ಒತ್ತು. ಹೀಗೆ ಹಾವಿನ ಹಾಗೆ ಹೊರಳಾಡಿ ನಿಲ್ಲುವಷ್ಟರಲ್ಲಿ 1,200 ಮೀಟರ್ ದಾಟಿರುತ್ತಿತ್ತು. ಗಾಳಿಯನ್ನು ಪೂರ್ತಿ ಸೊನ್ನೆ ಮಾಡಿದೆ, ಹಾಗೇ. ರನ್‌ವೇಯ 27ರ ತುದಿಯ ಬದಲು ಎದುರಿನ 09ರ ತುದಿಯಿಂದ ಇಳಿದೆ, ಆಗಲೂ ಬಲಕ್ಕೇ. ಕ್ಯಾಲಿಬ್ರೇಷನ್ ತೆರೆಯಲ್ಲಿ ನಿಧಾನಕ್ಕೆ ಒತ್ತಿ ನೋಡಿದರೆ ಎರಡೂ ಸೊನ್ನೆಯಿಂದ ನೂರರವರೆಗೆ ಜೊತೆಜೊತೆಗೆ ಏರುತ್ತವೆ, ಒಂದು ಕೂದಲೆಳೆ ವ್ಯತ್ಯಾಸ ಇಲ್ಲ. ತಲೆ ಕೆಟ್ಟುಹೋಗುತ್ತದೆ ಅಲ್ವಾ?

ಸಾಫ್ಟ್‌ವೇರ್‌ನಲ್ಲಿ ಎಡ ಬಲ ಅದಲು ಬದಲು ಮಾಡಿದೆ. ಎಳೆತ ಎಡಕ್ಕೆ ತಿರುಗಿತು! ಅಲ್ಲಿಗೆ ಸಿಮ್‌ನ ವಿಮಾನದ ತಪ್ಪಲ್ಲ, ನನ್ನ ಮೇಜಿನ ಕೆಳಗಿನ ಸಾಮಾನಿನದೇ ಅಂತ ಖಾತ್ರಿ ಆಯಿತು. ಲೋಡ್ ಸೆಲ್ ಎರಡನ್ನೂ ಬಿಚ್ಚಿ ಬದಲಿಸಿದೆ, ಏನೂ ಬದಲಾಗಲಿಲ್ಲ. ಉಳಿದದ್ದು ಬೋರ್ಡ್. ಎರಡು ಪೆಡಲ್ ಮೇಲೂ ಅಡ್ಡಕ್ಕೆ ಒಂದು ಮರದ ಹಲಗೆ ಇಟ್ಟು, ಎರಡೂ ಒಂದೇ ಕ್ಷಣಕ್ಕೆ ಒತ್ತುವ ಹಾಗೆ ಕೈಯಲ್ಲಿ ಗುದ್ದಿ, ಬೋರ್ಡ್ ಕಳಿಸುವ ಅಂಕಿಯನ್ನು ಗೆರೆಯಾಗಿ ಬಿಡಿಸುವ ಸೀರಿಯಲ್ ಪ್ಲಾಟರ್‌ನಲ್ಲಿ ಗೆರೆ ನೋಡಿದೆ. ಅಡುಗೆಮನೆಯಿಂದ ಬಂದ ಅಮ್ಮ ನಿಂತು ನೋಡಿ "ಆ ಹಲಗೆ ನಿನಗೇನು ಮಾಡ್ತೋ?" ಅಂದರು. ಹಲಗೆ ಪಾಪ ಏನೂ ಮಾಡಿರಲಿಲ್ಲ, ಉಪಕಾರವನ್ನೇ ಮಾಡಿತು. ಬಲಗಡೆ ಗೆರೆ ನುಣ್ಣಗೆ ಮೇಲೆ ಹೋಯಿತು. ಎಡಗಡೆಯದು ಮೆಟ್ಟಿಲು ಮೆಟ್ಟಿಲಾಗಿ, ತಡವಾಗಿ ಹತ್ತಿತು.

ಎಚ್‌ಎಕ್ಸ್711 ಬಳಸಿದವರಿಗೆ ಈಗ ಹೊಳೆದಿರುತ್ತದೆ. ಆ ಚಿಪ್ ಸೆಕೆಂಡಿಗೆ 10 ಸಲ ಅಥವಾ 80 ಸಲ ಅಳೆಯಬಲ್ಲದು. ಯಾವುದು ಅಂತ ತೀರ್ಮಾನ ಮಾಡುವುದು 15ನೇ ಕಾಲು: ಗ್ರೌಂಡ್‌ಗೆ ಕಟ್ಟಿದರೆ 10, ಸಪ್ಲೈಗೆ ಕಟ್ಟಿದರೆ 80. ತಕ್ಕಡಿಗೆಂದೇ ಮಾಡಿದ ಚಿಪ್ ಅದು. ಕಿರಾಣಿ ಅಂಗಡಿಗೆ 10 ಧಾರಾಳ ಸಾಕು, ತೊಗರಿಬೇಳೆ ನೂರು ನಾಟ್‌ನಲ್ಲಿ ಬಂದು ಇಳಿಯುವುದಿಲ್ಲವಲ್ಲ. ನಾನು ಬೇಕೆಂದೇ 80ರದ್ದು ಅಂತ ನಮೂದಿಸಿ ಆರ್ಡರ್ ಮಾಡಿದ್ದೆ. ಬಂದ ಜೋಡಿಯಲ್ಲಿ ಒಂದು 80, ಇನ್ನೊಂದು 10. ಒಂದೇ ಪೊಟ್ಟಣ, ಒಂದೇ ಬಣ್ಣ, ಮೇಲೆ ಅಚ್ಚು ಹಾಕಿದ ಅಕ್ಷರವೂ ಒಂದೇ. ಭೂತಗನ್ನಡಿ ಹಿಡಿದು ನೋಡಿದಾಗಲೇ ಕಂಡದ್ದು: ಒಂದರಲ್ಲಿ ಆ ಕಾಲಿನಿಂದ ಹೊರಟ ಸಣ್ಣ ತಾಮ್ರದ ಗೆರೆ ಪಕ್ಕದ ಕಾಲಿಗೆ ಹೋಗುತ್ತದೆ, ಇನ್ನೊಂದರಲ್ಲಿ ಅದೇ ಗೆರೆ ಗ್ರೌಂಡ್‌ಗೆ ಇಳಿಯುತ್ತದೆ. ಮಾರಿದವರಿಗೆ ಫೋಟೋ ಸಮೇತ ಬರೆದರೆ "ರಿಟರ್ನ್ ಅವಧಿ ಮುಗಿದಿದೆ" ಅನ್ನುವ ಉತ್ತರ ಬಂತು. ನೂರು ರೂಪಾಯಿ ಹೋಗಲಿ, ಹೋದ ಸಮಯಕ್ಕೆ ಯಾರು ಜವಾಬ್ದಾರಿ?

ನಡುಕ ಕಡಿಮೆ ಮಾಡಲು ನನ್ನ ಕೋಡ್ ನಾಲ್ಕು ಓದುಗಳ ಸರಾಸರಿ ತೆಗೆಯುತ್ತದೆ. 80ರ ಬೋರ್ಡ್‌ಗೆ ಅದು 50 ಮಿಲಿಸೆಕೆಂಡ್, 10ರ ಬೋರ್ಡ್‌ಗೆ 400. ಪ್ರತಿ ಬೋರ್ಡ್ ರೆಡಿ ಆದಾಗ ಮಾತ್ರ ಓದುವ ಹಾಗೆ ಬರೆದದ್ದರಿಂದ ಒಂದು ಇನ್ನೊಂದಕ್ಕೆ ಕಾಯುತ್ತಿರಲಿಲ್ಲ, ಹಾಗಾಗಿ ಬಲಗಡೆ ಬೇಗ, ಎಡಗಡೆ ತಡ. ನೂರು ನಾಟ್‌ನಲ್ಲಿ 400 ಮಿಲಿಸೆಕೆಂಡ್ ಅಂದರೆ 20 ಮೀಟರ್. ಬರೀ 20 ಮೀಟರ್ ತಾನೇ ಅನ್ನಬೇಡಿ, ಆ 20 ಮೀಟರ್‌ನಲ್ಲಿ ಒಂದೇ ಕಡೆ ಬ್ರೇಕ್ ಹಿಡಿದು ಮೂತಿ ತಿರುಗುತ್ತದೆ, ತಿರುಗಿದ್ದನ್ನು ಸರಿ ಮಾಡಲು ಹಿಡಿದ ಬ್ರೇಕನ್ನೇ ಬಿಡಬೇಕಾಗುತ್ತದೆ, ಅದೂ ವೇಗ ಅತಿ ಜಾಸ್ತಿ ಇರುವ ಹೊತ್ತಿನಲ್ಲೇ. ಬ್ರೇಕ್ ಒಂದೇ ಸಮ ಹಿಡಿದರೆ, ನಿಲ್ಲಲು ಬೇಕಾದ ಸಮಯದ ಮೊದಲ ಅರ್ಧದಲ್ಲೇ ಮುಕ್ಕಾಲು ಪಾಲು ದೂರ ಮುಗಿದುಹೋಗುತ್ತದೆ. ಕೊನೆಯಲ್ಲಿ ಎಷ್ಟು ಗಟ್ಟಿಯಾಗಿ ತುಳಿದರೂ ಆ ಮೊದಲ ಸೆಕೆಂಡುಗಳಲ್ಲಿ ಹೋದದ್ದು ವಾಪಸ್ ಬರುವುದಿಲ್ಲ. ಲೋಡ್ ಸೆಲ್ ಹಾಕುವ ಎಲ್ಲರಿಗೂ ನನ್ನ ಮಾತು ಇದೇ: ಬ್ರೇಕ್ ಎಷ್ಟು ಬಲವಾಗಿದೆ ಅಂತ ಆಮೇಲೆ ನೋಡಿ, ಎಷ್ಟು ಬೇಗ ಬರುತ್ತದೆ ಅಂತ ಮೊದಲು ನೋಡಿ.

ರಿಪೇರಿ ಐದು ನಿಮಿಷದ್ದು, ಧೈರ್ಯ ಮಾತ್ರ ಜಾಸ್ತಿ ಬೇಕು. ಸಣ್ಣ ಮೊನೆಯ ಐರನ್‌ನಿಂದ 15ನೇ ಕಾಲು ಬಿಸಿ ಮಾಡಿ, ಹೊಲಿಗೆ ಸೂಜಿಯಿಂದ ಮೆಲ್ಲಗೆ ಮೇಲೆತ್ತಿ, ಪಕ್ಕದಲ್ಲೇ ಇರುವ 16ನೇ ಕಾಲಿಗೆ ಒಂದು ಹನಿ ಸೋಲ್ಡರ್‌ನಿಂದ ಸೇರಿಸುವುದು. 16 ಅಂದರೆ ಡಿಜಿಟಲ್ ಸಪ್ಲೈ, ಅದೃಷ್ಟಕ್ಕೆ ಪಕ್ಕದ ಮನೆ. ಕಾಲು ಜಾಸ್ತಿ ಬಗ್ಗಿಸಿದರೆ ಮುರಿಯುತ್ತದೆ, ಮೇಲೆತ್ತಿದ ಮೇಲೆ ಕೆಳಗಿನ ಪ್ಯಾಡ್‌ಗೆ ತಾಗದ ಹಾಗೆ ನೋಡಿಕೊಳ್ಳಿ. ಹಲಗೆ ಇಟ್ಟು ಮತ್ತೆ ಗುದ್ದಿದೆ. ಎರಡು ಗೆರೆ ಒಂದರ ಮೇಲೊಂದು ಕೂತವು! ಮಂಡಕಳ್ಳಿಯಲ್ಲಿ ಈಗ ಗರಿಷ್ಠ ಲ್ಯಾಂಡಿಂಗ್ ತೂಕ, ಅಂದರೆ 7,100 ಕೆಜಿಯಲ್ಲಿ, 30 ಡಿಗ್ರಿ ಬಿಸಿಯಲ್ಲಿ, ರನ್‌ವೇ ಅಂಚಿನಿಂದ 980ರಿಂದ 1,020 ಮೀಟರ್ ಒಳಗೆ ನಿಲ್ಲುತ್ತಿದೆ.

ಒಂದು ತಂಟೆ ಮಾತ್ರ ಉಳಿದಿದೆ. 10ರಲ್ಲಿ ಈ ಚಿಪ್ ಮನೆಯ 50 ಹರ್ಟ್ಸ್ ಕರೆಂಟಿನ ಗದ್ದಲವನ್ನು ತಾನೇ ತಡೆಯುತ್ತದೆ. 80ಕ್ಕೆ ಹಾಕಿದರೆ ಆ ಅನುಕೂಲ ಹೋಗುತ್ತದೆ. ಕರೆಂಟ್ ಹೋಗಿ ಯುಪಿಎಸ್ ಶುರುವಾದಾಗ ಕಾಲು ಇಡದಿದ್ದರೂ ಪೆಡಲ್ 2% ತೋರಿಸುತ್ತದೆ, ನೆಲದ ಮೇಲೆ ಮೆಲ್ಲಗೆ ಓಡಿಸುವಾಗ (ಟ್ಯಾಕ್ಸಿ) ವಿಮಾನ ತೊಡರಿದ ಹಾಗಾಗುತ್ತದೆ. ಸದ್ಯಕ್ಕೆ ಮೊದಲ 3% ಲೆಕ್ಕಕ್ಕೆ ತಗೋಬೇಡ ಅಂತ ಕೋಡ್‌ನಲ್ಲಿ ಹೇಳಿದ್ದೇನೆ. ಎಸ್‌ಪಿ ರೋಡ್‌ಗೆ ಹೋಗಿ ಶೀಲ್ಡ್ ಇರುವ ನಾಲ್ಕು ಎಳೆಯ ವೈರ್ ತಂದು, ಯುಪಿಎಸ್‌ನಿಂದ ದೂರಕ್ಕೆ ಸುತ್ತಿಸಿ ಎಳೆಯಬೇಕು.

ಅಂದ ಹಾಗೆ, ಮುಂದಿನ ಪ್ರಾಜೆಕ್ಟ್ ತಲೆಯಲ್ಲಿ ಆಗಲೇ ಓಡುತ್ತಿದೆ: ಬಜ್ಪೆಯ ಹಳೇ ರನ್‌ವೇ! ಈಗಿನ 06/24 ರನ್‌ವೇ ಬರುವ ಮುಂಚೆ ಮಂಗಳೂರಿಗೆ ಇದ್ದದ್ದು 09/27 ಒಂದೇ, ಉದ್ದ 1,615 ಮೀಟರ್, ಗುಡ್ಡದ ತಲೆ ಕಡಿದು ಮಾಡಿದ್ದು. ಅದರ ಮೇಲೆ 737 ಇಳಿಸುತ್ತಿದ್ದರು ಅಂದರೆ ಆ ಪೈಲಟ್‌ಗಳ ಬಗ್ಗೆ ನನಗೆ ಎಂಥ ಗೌರವ! 1981ರಲ್ಲಿ ಒಂದು ಆವ್ರೋ ವಿಮಾನ ಅಲ್ಲಿ ರನ್‌ವೇ ದಾಟಿ ಹೋಗಿತ್ತು, ಪುಣ್ಯಕ್ಕೆ ಜೀವ ಹೋಗಲಿಲ್ಲ. ಸಿಮ್‌ಗೆ ತೊಂಬತ್ತರ ದಶಕದ ಬಜ್ಪೆಯ ಸೀನರಿ ಮಾಡಿ, ಹಳೇ ಟರ್ಮಿನಲ್ ಸಮೇತ, ಸಿಜೆ4 ಅಲ್ಲಿಗೆ ಇಳಿಸಬೇಕು. 1,615ರ 60% ಅಂದರೆ 969 ಮೀಟರ್. ಎತ್ತರ ಮೈಸೂರಿನದಕ್ಕಿಂತ ತುಂಬಾ ಕಡಿಮೆ, ಹಾಗಾಗಿ ಒಣ ದಿನದಲ್ಲಿ ಆಗಬಹುದು. ಜುಲೈ ಮಳೆಯಲ್ಲಿ ಲೆಕ್ಕ ಹಾಕಲೂ ಭಯ.

ಲಂಡನ್ ಸಿಟಿ ವಿಮಾನ ನಿಲ್ದಾಣದ ಆಸೆಯೂ ಇದೆ. ರನ್‌ವೇ 1,508 ಮೀಟರ್, ಗಾಳಿಯಲ್ಲಿ ಇಳಿದು ಬರುವ ದಾರಿಯ ಇಳಿಜಾರು 5.5 ಡಿಗ್ರಿ. ಮಾಮೂಲಿ 3 ಡಿಗ್ರಿಯಲ್ಲಿ ನಿಮಿಷಕ್ಕೆ 600 ಅಡಿ ಇಳಿದರೆ, ಅಲ್ಲಿ 1,100ರ ಹತ್ತಿರ. ವಿಮಾನಕ್ಕೂ ಪೈಲಟ್‌ಗೂ ಬೇರೆ ಪರವಾನಗಿ ಬೇಕಾದ ಜಾಗ. ಆದರೆ ಅದಕ್ಕೆ ಥ್ರಾಟಲ್ ಪಕ್ಕದಲ್ಲಿ, ಗಾಳಿಯಲ್ಲೇ ವೇಗ ತಗ್ಗಿಸುವ ಸ್ಪೀಡ್‌ಬ್ರೇಕ್‌ಗೆ ಸರಿಯಾದ ಸ್ವಿಚ್ ಬೇಕು, ಕೀಬೋರ್ಡ್ ತಡಕಾಡುತ್ತಾ ಆಗುವ ಕೆಲಸ ಅಲ್ಲ. ಮೊದಲು ಬಜ್ಪೆ. ನಿಮ್ಮ ಮನೆಯ ಹಳೇ ಆಲ್ಬಂನಲ್ಲಿ 2006ಕ್ಕೂ ಮುಂಚಿನ ಬಜ್ಪೆ ಟರ್ಮಿನಲ್, ವಿಮಾನ ನಿಲ್ಲಿಸುವ ಏಪ್ರನ್, ಸುತ್ತಲಿನ ಗುಡ್ಡ ಕಾಣುವ ಫೋಟೋ ಇದ್ದರೆ ದಯವಿಟ್ಟು ಕಳಿಸಿ. ಮಸುಕಾಗಿದ್ದರೂ ನಡೆಯುತ್ತದೆ, ಕಿಟಕಿ ಎಷ್ಟು, ಬಾಗಿಲು ಎಲ್ಲಿ ಅಂತ ಕಂಡರೆ ಸಾಕು.