ಸೇಲ್ಸ್‌ಫೋರ್ಸ್: ಒಂದೇ ಹೆಸರಿನ ಎರಡು ಚೈಲ್ಡ್ ರಿಲೇಶನ್‌ಶಿಪ್

ಗ್ರಾಹಕರ ಮಾಹಿತಿ ಇಡೋ ಸೇಲ್ಸ್‌ಫೋರ್ಸ್ ಸಾಫ್ಟ್‌ವೇರ್‌ನಲ್ಲಿ, ಪ್ರಾಜೆಕ್ಟ್ ಅನ್ನೋ ಕಸ್ಟಮ್ ಆಬ್ಜೆಕ್ಟ್‌ನಿಂದ (ನಾವೇ ಮಾಡಿಕೊಂಡ ಟೇಬಲ್) ಅಕೌಂಟ್‌ಗೆ ಒಂದು ಲುಕಪ್ (ಇನ್ನೊಂದು ಆಬ್ಜೆಕ್ಟ್‌ನ ದಾಖಲೆಗೆ ಜೋಡಿಸೋ ಫೀಲ್ಡ್) ಆಗಲೇ ಇದೆ, ಹೆಸರು ಕ್ಲೈಂಟ್. ಈಗ ಪಾರ್ಟ್‌ನರ್ ಅಂತ ಇನ್ನೊಂದು ಲುಕಪ್ ಬೇಕು. ಫೀಲ್ಡ್ ಹೆಸರು ಬೇರೆ, ಲೇಬಲ್ ಬೇರೆ. ಆದರೂ 'ದೇರ್ ಈಸ್ ಆಲ್‌ರೆಡಿ ಎ ಚೈಲ್ಡ್ ರಿಲೇಶನ್‌ಶಿಪ್ ನೇಮ್ಡ್ ಪ್ರಾಜೆಕ್ಟ್ಸ್ ಆನ್ ಅಕೌಂಟ್' ಅನ್ನೋ ಎರರ್ ಬರುತ್ತೆ.

ಮೆಸೇಜ್‌ನಲ್ಲಿ ಅಕೌಂಟ್ ಹೆಸರಿದೆ ಅಂತ ಬಹಳ ಜನ ನೇರವಾಗಿ ಅಕೌಂಟ್‌ನ ಫೀಲ್ಡ್‌ಗಳನ್ನು ಜಾಲಾಡೋಕೆ ಶುರುಮಾಡ್ತಾರೆ. ಅಲ್ಲಿ ಏನೂ ಸಿಗಲ್ಲ. ಈ ಹೆಸರು ಬಳಕೆಯಾಗೋದು ಪೇರೆಂಟ್ (ಇಲ್ಲಿ ಅಕೌಂಟ್) ಕಡೆಯಿಂದ, ಆದರೆ ಅದನ್ನು ಬರೆದಿಟ್ಟಿರೋದು ಚೈಲ್ಡ್‌ನ (ಇಲ್ಲಿ ಪ್ರಾಜೆಕ್ಟ್) ಲುಕಪ್ ಫೀಲ್ಡ್‌ನೊಳಗೆ. ಫೀಲ್ಡ್ ಮಾಡುವಾಗ ಮೂರನೇ ಹಂತದಲ್ಲಿ ಚೈಲ್ಡ್ ರಿಲೇಶನ್‌ಶಿಪ್ ನೇಮ್ ಅನ್ನೋ ಜಾಗ ತಾನಾಗೇ ತುಂಬಿಕೊಂಡಿರುತ್ತೆ, ಚೈಲ್ಡ್ ಆಬ್ಜೆಕ್ಟ್‌ನ ಬಹುವಚನದಿಂದ. ಹಾಗಾಗಿ ಎರಡನೇ ಲುಕಪ್‌ಗೂ ಅದೇ 'ಪ್ರಾಜೆಕ್ಟ್ಸ್'.

ಪರಿಹಾರ ಆ ಜಾಗದಲ್ಲೇ ಇದೆ: ಪಾರ್ಟ್‌ನರ್_ಪ್ರಾಜೆಕ್ಟ್ಸ್ ಅಂತ ಬದಲಿಸಿ (ಟೈಪ್ ಮಾಡೋದು ಇಂಗ್ಲಿಷ್ ಅಕ್ಷರಗಳಲ್ಲೇ). ಅಕ್ಷರದಿಂದ ಶುರುವಾಗಬೇಕು, ಸ್ಪೇಸ್ ಇರಬಾರದು, ಅಂಡರ್‌ಸ್ಕೋರ್ ಕೊನೆಯಲ್ಲಿ ಬರಬಾರದು, ಎರಡು ಅಂಡರ್‌ಸ್ಕೋರ್ ಒಟ್ಟೊಟ್ಟಿಗೆ ಬರಬಾರದು. 'ಪ್ರಾಜೆಕ್ಟ್ಸ್2' ಅಂತ ಇಟ್ಟರೂ ನಡೆಯುತ್ತೆ, ಆದರೆ ಆರು ತಿಂಗಳಾದ ಮೇಲೆ ಆ 2 ಯಾರದ್ದು ಅಂತ ಯಾರಿಗೂ ಗೊತ್ತಿರಲ್ಲ. ರಿಲೇಟೆಡ್ ಲಿಸ್ಟ್ ಲೇಬಲ್ (ಅಕೌಂಟ್ ಪುಟದಲ್ಲಿ ಪ್ರಾಜೆಕ್ಟ್‌ಗಳ ಪಟ್ಟಿಗೆ ಕಾಣೋ ಹೆಸರು) ಬೇರೆಯೇ ಜಾಗ. ಅದನ್ನೂ ಬದಲಿಸದಿದ್ದರೆ ಅಕೌಂಟ್ ಪುಟದಲ್ಲಿ ಒಂದೇ ಹೆಸರಿನ ಎರಡು ಪಟ್ಟಿ ಕೂತಿರುತ್ತವೆ.

ತಲೆ ಕೆಡಿಸೋದು ಇನ್ನೊಂದು ಸಂದರ್ಭ. ಎಲ್ಲಾ ಫೀಲ್ಡ್ ನೋಡಿದ್ರೂ ಆ ಹೆಸರು ಎಲ್ಲೂ ಇಲ್ಲ, ಎರರ್ ಮಾತ್ರ ಹೋಗ್ತಿಲ್ಲ. ಆಗ ನೋಡಬೇಕಾದ್ದು ಡಿಲೀಟೆಡ್ ಫೀಲ್ಡ್ಸ್. ಆಬ್ಜೆಕ್ಟ್ ಮ್ಯಾನೇಜರ್‌ನಲ್ಲಿ ಚೈಲ್ಡ್ ಆಬ್ಜೆಕ್ಟ್ ತೆರೆದು, ಫೀಲ್ಡ್ಸ್ ಆ್ಯಂಡ್ ರಿಲೇಶನ್‌ಶಿಪ್ಸ್‌ಗೆ ಹೋದರೆ ಆ ಬಟನ್ ಕಾಣುತ್ತೆ. ಅಳಿಸಿದ ಕಸ್ಟಮ್ ಫೀಲ್ಡ್ 15 ದಿನ ಅಲ್ಲೇ ಇರುತ್ತೆ, ತನ್ನ ರಿಲೇಶನ್‌ಶಿಪ್ ಹೆಸರನ್ನು ಹಿಡಿದುಕೊಂಡೇ. ಇರೇಸ್ ಒತ್ತಿದರೆ ಹೆಸರು ಬಿಡುಗಡೆಯಾಗುತ್ತೆ, ಆದರೆ ಡೇಟಾ ಮತ್ತೆ ಸಿಗಲ್ಲ. ಒತ್ತುವ ಮುಂಚೆ ಆ ಫೀಲ್ಡ್‌ನ ಡೇಟಾ ಎಕ್ಸ್‌ಪೋರ್ಟ್ ಆಗಿದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ.

ಸ್ಯಾಂಡ್‌ಬಾಕ್ಸ್‌ನಲ್ಲಿ (ಪರೀಕ್ಷೆಗೆ ಇಟ್ಟ ಪ್ರತಿ) ಸರಿಯಾಗಿದ್ದು ಪ್ರೊಡಕ್ಷನ್‌ಗೆ (ಎಲ್ಲರೂ ನಿಜವಾಗಿ ಬಳಸೋದು) ಡಿಪ್ಲಾಯ್ ಮಾಡುವಾಗ, ಅಂದರೆ ಸಾಗಿಸುವಾಗ, ಬಿದ್ದರೆ, ಯಾರಾದರೂ ಸ್ಯಾಂಡ್‌ಬಾಕ್ಸ್‌ನಲ್ಲಿ ಫೀಲ್ಡ್‌ನ ಎಪಿಐ ಹೆಸರು (ಕೋಡ್‌ನಲ್ಲಿ ಬಳಸೋ ಹೆಸರು) ಬದಲಿಸಿದ್ದಾರಾ ಕೇಳಿ. ಡಿಪ್ಲಾಯ್‌ಮೆಂಟ್‌ಗೆ ಅದು ಹೊಸ ಫೀಲ್ಡ್. ಹಳೆಯದು ಪ್ರೊಡಕ್ಷನ್‌ನಲ್ಲಿ ಹಾಗೇ ಇದೆ, ಎರಡರದ್ದೂ ರಿಲೇಶನ್‌ಶಿಪ್ ಹೆಸರು ಒಂದೇ. ಮೊದಲು ಪ್ರೊಡಕ್ಷನ್‌ನಲ್ಲೂ ಎಪಿಐ ಹೆಸರು ಬದಲಿಸಿ, ಆಮೇಲೆ ಡಿಪ್ಲಾಯ್ ಮಾಡಿ. ಡಿಸ್ಟ್ರಕ್ಟಿವ್ ಚೇಂಜಸ್‌ನಿಂದ (ಅಳಿಸಬೇಕಾದ್ದರ ಪಟ್ಟಿ ಕೊಡೋ ಡಿಪ್ಲಾಯ್ ಫೈಲ್) ಹಳೆಯದನ್ನು ಅಳಿಸ್ತೀನಿ ಅನ್ನೋರು ಗಮನಿಸಿ: ಅಳಿಸಿದ್ದನ್ನು ತಕ್ಷಣ ಪೂರ್ತಿ ತೆಗೆಯೋ ಪರ್ಜ್ ಆನ್ ಡಿಲೀಟ್ ಆಯ್ಕೆ ಪ್ರೊಡಕ್ಷನ್‌ನಲ್ಲಿ ಕೆಲಸ ಮಾಡಲ್ಲ, ಕೈಯಾರೆ ಇರೇಸ್ ಮಾಡಲೇಬೇಕು.

ಹಳೆಯ ಲುಕಪ್‌ನ ಹೆಸರನ್ನೇ ಬದಲಿಸಿ ಹೊಸದಕ್ಕೆ 'ಪ್ರಾಜೆಕ್ಟ್ಸ್' ಕೊಡೋಣ ಅನ್ನೋ ಯೋಚನೆ ಬಂದರೆ, ಬೇಡ. ಸಬ್‌ಕ್ವೆರಿಗಳು (ಪೇರೆಂಟ್ ಜೊತೆಗೇ ಚೈಲ್ಡ್ ದಾಖಲೆಗಳನ್ನು ತರೋ ಒಳಗಿನ ಕ್ವೆರಿಗಳು) ಈ ಹೆಸರಿನ ಕೊನೆಗೆ ಎರಡು ಅಂಡರ್‌ಸ್ಕೋರ್ ಮತ್ತು 'ಆರ್' ಅಕ್ಷರ (__r) ಸೇರಿಸಿ ಬಳಸ್ತವೆ. ಸ್ಟ್ರಿಂಗ್ ಆಗಿ ಕಟ್ಟಿದ ಡೈನಮಿಕ್ ಕ್ವೆರಿ ಮತ್ತು ಹೊರಗಿನ ಇಂಟಿಗ್ರೇಶನ್‌ಗಳನ್ನು ಸೇಲ್ಸ್‌ಫೋರ್ಸ್ ಪರೀಕ್ಷಿಸೋಕೆ ಹೋಗಲ್ಲ. ಹಳೆಯ ಹೆಸರು ಮಾಯವಾಗಿದ್ದರೆ ಅವು ಓಡುವಾಗ 'ಡಿಡಂಟ್ ಅಂಡರ್‌ಸ್ಟ್ಯಾಂಡ್ ರಿಲೇಶನ್‌ಶಿಪ್' ಅಂತ ನಿಲ್ತವೆ. ಹೊಸ ಲುಕಪ್‌ಗೆ ಅದೇ ಹೆಸರು ಕೊಟ್ಟಿದ್ದರೆ ಇನ್ನೂ ಕೆಟ್ಟದ್ದು: ಎರರೇ ಇಲ್ಲ, ಕ್ಲೈಂಟ್ ರಿಪೋರ್ಟ್‌ನಲ್ಲಿ ಪಾರ್ಟ್‌ನರ್‌ನ ಪ್ರಾಜೆಕ್ಟ್‌ಗಳು ಬಂದು ಕೂರ್ತವೆ.